ಕೆರೆಗೆ ಬಿಟ್ಟರೆ ಬಿಡುಗಡೆಯೇ?

ಅಕ್ವೇರಿಯಂ ಅಂಗಡಿಯಲ್ಲಿ ಕೊಳ್ಳುವಾಗ ಅದು ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸುವೇ ದೊಡ್ಡದು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮದಿಂದ ಎಳೆದಂತಹ ಕೆಂಪು ಪಟ್ಟಿ. ಮಗುವಿನ ಅಂಗೈಯಲ್ಲಿ ಹಿಡಿಸುವ ಈ ಆಮೆಮರಿ ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟು ಬೆಳೆಯುತ್ತದೆ. ಗಾಜಿನ ತೊಟ್ಟಿ ಸಾಲದಾಗುತ್ತದೆ. ನೀರನ್ನು ಎಷ್ಟು ಸಲ ಬದಲಿಸಿದರೂ ವಾಸನೆ ಹೋಗುವುದಿಲ್ಲ. ಆಟವಾಡಿಸುತ್ತಿದ್ದ ಮಕ್ಕಳ ಆಸಕ್ತಿಯೂ ಅಷ್ಟರಲ್ಲಿ ಬೇರೆಡೆಗೆ ಹೊರಳಿರುತ್ತದೆ. ಆಗ ಮನೆಯವರಿಗೆ ಹೊಳೆಯುವ ಉಪಾಯ ಒಂದೇ: ಹತ್ತಿರದ ಕೆರೆಗೋ ದೇವಸ್ಥಾನದ ಪುಷ್ಕರಣಿಗೋ ಬಿಟ್ಟುಬಿಡುವುದು. ಮನೆಯ ತೊಂದರೆಯೂ ತೀರಿತು, ಸೆರೆಯಲ್ಲಿದ್ದ ಜೀವಕ್ಕೆ ಬಿಡುಗಡೆಯನ್ನೂ ಕೊಟ್ಟಂತಾಯಿತು ಎಂಬ ಸಮಾಧಾನ. ಆದರೆ ಅದು ನಿಜಕ್ಕೂ ಬಿಡುಗಡೆಯೇ?

ಈ ಸಮಾಧಾನದ ಹಿಂದೆ ಒಂದು ಹಳೆಯ ನಂಬಿಕೆಯಿದೆ. ಸೆರೆಸಿಕ್ಕ ಪ್ರಾಣಿಯನ್ನು ಬಿಡಿಸುವುದು ಪುಣ್ಯದ ಕೆಲಸವೆಂಬ ಭಾವನೆ ಏಷ್ಯದ ಅನೇಕ ನಾಡುಗಳಲ್ಲಿ ಬೇರೂರಿದೆ. ಜಪಾನಿನ ಬೌದ್ಧರಲ್ಲಿ ಇದಕ್ಕೆಂದೇ ‘ಹೋಜೋ-ಎ’ ಎಂಬ ಆಚರಣೆಯುಂಟು. ಚಿತ್ರಕಾರ ಹಿರೋಶಿಗೆ 1857ರಲ್ಲಿ ರಚಿಸಿದ ಒಂದು ಚಿತ್ರದಲ್ಲಿ ಇಂದಿನ ಟೋಕಿಯೋ ನಗರದ ‘ಮನ್ನೆನ್’ ಸೇತುವೆಯ ಬಳಿ ದಾರಕ್ಕೆ ಕಟ್ಟಿ ತೂಗುಹಾಕಿದ ಆಮೆಯೊಂದು ಕಾಣುತ್ತದೆ. ದೂರದಲ್ಲಿ ಫ್ಯುಜಿ ಪರ್ವತ. ಮಾರಾಟಕ್ಕಿಟ್ಟ ಆ ಆಮೆಯನ್ನು ಕೊಂಡು ನದಿಗೆ ಬಿಡುವುದು ಅಲ್ಲಿನ ಪದ್ಧತಿ. ‘ಮನ್ನೆನ್’ ಎಂದರೆ ಹತ್ತು ಸಾವಿರ ವರ್ಷ. ಆಮೆಯ ಆಯುಸ್ಸು ಅಷ್ಟೆಂದು ಜಪಾನೀಯರು ಹೇಳುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಂದು ಹಾಗೆ ಬಿಡುತ್ತಿದ್ದ ಆಮೆ ಆ ನಾಡಿನದೇ ಆಗಿತ್ತು. ನೀರಿಗೆ ಬಿಟ್ಟರೆ ಅದು ತನ್ನ ಮನೆಗೆ ಮರಳಿದಂತೆ.

ಕೆಂಪುಕಿವಿ ಆಮೆಯ ಕಥೆ ಹಾಗಲ್ಲ. ಅದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಕಳೆದ ಶತಮಾನದಲ್ಲಿ ಲೂಸಿಯಾನಾ ರಾಜ್ಯದಲ್ಲಿ ಇದನ್ನು ಸಾಕಿ ಮರಿ ಮಾಡಿಸುವ ದೊಡ್ಡ ಕೊಳಗಳೇ ತಲೆಯೆತ್ತಿದವು. ಆಮೆಮರಿಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯದ ಸೋಂಕು ತಗಲುವುದು ಹೆಚ್ಚಿದಾಗ, 1975ರಲ್ಲಿ ಅಮೆರಿಕ ಸರ್ಕಾರ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವುದನ್ನು ನಿಷೇಧಿಸಿತು. ಆದರೆ ಹೊರದೇಶಗಳಿಗೆ ಕಳಿಸಲು ಅಡ್ಡಿಯಿರಲಿಲ್ಲ. ಹೀಗಾಗಿ 1989ರಿಂದ 1997ರವರೆಗೆ 5 ಕೋಟಿಗೂ ಹೆಚ್ಚು ಆಮೆಗಳು ಅಮೆರಿಕದಿಂದ ಹೊರಗೆ ಹೋದವು. 1997ರಲ್ಲಿ ಯುರೋಪಿನ ಒಕ್ಕೂಟ ಅವುಗಳ ಆಮದನ್ನು ನಿಲ್ಲಿಸಿತು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಈ ಆಮೆಗೆ ಜಾಗ ಸಿಕ್ಕಿತು.

ಅಂಗೈಯಗಲದ ಸಾಧು ಪ್ರಾಣಿ ಆಕ್ರಮಣಕಾರಿ ಹೇಗಾಯಿತು? ಆಮೆ ಶೀತರಕ್ತದ ಪ್ರಾಣಿ. ಮೈಗೆ ಬಿಸಿಲು ತಾಗಿದರೆ ಮಾತ್ರ ತಿಂದದ್ದು ಅರಗುತ್ತದೆ. ಕೆರೆಯಲ್ಲಿ ಬಿಸಿಲು ಕಾಯಲು ಸಿಗುವ ಕಲ್ಲು, ಮರದ ದಿಮ್ಮಿಗಳು ಕೆಲವೇ. ಯುರೋಪಿನ ಸ್ಥಳೀಯ ಕೊಳದಾಮೆಗಳ ಜೊತೆಗೆ ಕೆಂಪುಕಿವಿ ಆಮೆಗಳನ್ನು ಒಂದೇ ಕೊಳದಲ್ಲಿಟ್ಟು ವಿಜ್ಞಾನಿಗಳು ನೋಡಿದಾಗ, ಒಳ್ಳೆಯ ಬಿಸಿಲಿನ ಜಾಗಗಳು ಹೊರಗಿನವುಗಳ ಪಾಲಾದವು. ಸ್ಥಳೀಯ ಆಮೆಗಳ ತೂಕ ಇಳಿಯಿತು, ಸಾವೂ ಹೆಚ್ಚಿತು. ಕೆಂಪುಕಿವಿ ಆಮೆ ಹುಳು, ಮೀನು, ಗೊದಮೊಟ್ಟೆ, ಜಲಸಸ್ಯ ಯಾವುದನ್ನೂ ಬಿಡುವುದಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆಯಿಡಬಲ್ಲದು. ತೊಟ್ಟಿಯಲ್ಲಿ ಅಂಟಿದ ರೋಗವನ್ನೂ ಪರೋಪಜೀವಿಗಳನ್ನೂ ಕೆರೆಗೆ ಒಯ್ಯಬಲ್ಲದು. ಬಿಟ್ಟ ಆಮೆಗಳೆಲ್ಲ ಬದುಕುತ್ತವೆಂದೂ ಅಲ್ಲ. ಅಂಗಡಿಯ ಗುಳಿಗೆ ತಿಂದು ಬೆಳೆದದ್ದು ಹೊಸ ನೀರಿನಲ್ಲಿ ಆಹಾರ ಹುಡುಕಲಾರದೆ ಸೊರಗಿ ಸಾಯಬಹುದು. ಸತ್ತರೆ ಅದಕ್ಕೆ ಹಿಂಸೆ, ಬದುಕಿದರೆ ಉಳಿದವಕ್ಕೆ ಹಿಂಸೆ.

ಇದರ ಫಲವನ್ನು ಆಮೆ ಬಿಡುವ ಪುಣ್ಯದ ನಾಡಾದ ಜಪಾನೇ ಉಂಡಿತು. ಅಲ್ಲಿ 1966ರಲ್ಲಿ ಮಿಠಾಯಿ ಕಂಪನಿಯೊಂದು ಈ ಮರಿಗಳನ್ನು ಬಹುಮಾನವಾಗಿ ಹಂಚಿತ್ತು. ಜಾತ್ರೆಯ ಅಂಗಡಿಗಳಲ್ಲೂ ಅವು ಸಿಗುತ್ತಿದ್ದವು. ಬೆಳೆದವು ನದಿ, ಕೊಳ, ದೇವಾಲಯದ ಕೆರೆ ಸೇರಿದವು. 2016ರಲ್ಲಿ ಅಲ್ಲಿನ ಪರಿಸರ ಇಲಾಖೆಯ ಅಂದಾಜಿನಂತೆ ಹೊರಗೆ ನೆಲೆಸಿದ್ದ ಕೆಂಪುಕಿವಿ ಆಮೆಗಳು ಸುಮಾರು 80 ಲಕ್ಷ. ಜಪಾನಿನ ಸ್ವಂತ ಕಲ್ಲಾಮೆಗಳು 10 ಲಕ್ಷಕ್ಕೂ ಕಡಿಮೆ. 2023ರ ಜೂನ್ 1ರಿಂದ ಅವುಗಳನ್ನು ಮಾರುವುದು, ನೀರಿಗೆ ಬಿಡುವುದು ಅಲ್ಲಿ ಅಪರಾಧ. ಮನೆಯಲ್ಲಿ ಸಾಕಿಕೊಂಡಿರುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಕಾರಣ ಸರಳ. ಸಾಕುವುದನ್ನೂ ನಿಷೇಧಿಸಿದ್ದರೆ ಹೆದರಿದ ಜನ ಮನೆಯಲ್ಲಿದ್ದವನ್ನೂ ರಾತ್ರೋರಾತ್ರಿ ಕೆರೆಗೆ ಸುರಿಯುತ್ತಿದ್ದರು.

ಭಾರತದಲ್ಲಿ ಸಿಹಿನೀರಿನ ಮತ್ತು ನೆಲದ ಆಮೆಗಳ ಒಟ್ಟು 29 ಪ್ರಭೇದಗಳಿವೆ. ಕರ್ನಾಟಕದ ಕೆರೆಗಳಲ್ಲಿ ಕಪ್ಪು ಆಮೆಯೂ ಮೆದುಚಿಪ್ಪಿನ ಆಮೆಯೂ ಕಾಣಸಿಗುತ್ತವೆ. ಕೆರೆಗಳು ಬತ್ತಿ, ಕೊಳಚೆ ತುಂಬಿ ಅವುಗಳ ನೆಲೆ ಈಗಾಗಲೇ ಕುಗ್ಗಿದೆ. 2018ರಲ್ಲಿ ಕೆಂಪುಕಿವಿ ಆಮೆ ಗುವಾಹಟಿಯ ದೀಪೋರ್ ಬೀಲ್ ಸರೋವರದಲ್ಲೂ ಉಗ್ರತಾರಾ ದೇವಾಲಯದ ಕೊಳದಲ್ಲೂ ಪತ್ತೆಯಾಯಿತು. ಅದೇ ವರ್ಷ ಕೇರಳದ ತ್ರಿಶ್ಶೂರಿನ ಕಾಲುವೆಯಲ್ಲೂ ಕಂಡಿತು. ದೇವರ ಕೊಳಕ್ಕೆ ಅದು ತಾನಾಗಿ ನಡೆದು ಬಂದದ್ದಲ್ಲ.

ಹಾಗಾದರೆ ಬೆಳೆದ ಆಮೆಯನ್ನು ಏನು ಮಾಡಬೇಕು? ಮೊದಲು ಅದು ಯಾವ ಆಮೆ ಎಂದು ತಿಳಿಯಬೇಕು. ನಕ್ಷತ್ರ ಆಮೆಯಂತಹ ನಾಡಿನ ಆಮೆಗಳನ್ನು ಮನೆಯಲ್ಲಿಟ್ಟುಕೊಳ್ಳುವುದೇ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಅಂಥವನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. ತಾವಾಗಿಯೇ ಬಿಡಹೋದರೆ ಅನಾಹುತವಾಗುವುದುಂಟು. ನಕ್ಷತ್ರ ಆಮೆ ನೆಲದ ಪ್ರಾಣಿ, ಈಜಲಾರದು. ಪುಣ್ಯಕ್ಕೆಂದು ಕೆರೆಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಹೊರದೇಶದ ಆಮೆಯಾದರೆ ಸಾಕಿದವರೇ ಸಾಕಬೇಕು. ದೊಡ್ಡ ಸಿಮೆಂಟ್ ತೊಟ್ಟಿ, ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ದಿನಕ್ಕೆ ಒಂದಿಷ್ಟು ಬಿಸಿಲು ಇದ್ದರೆ ಅದು ಸುಖವಾಗಿರುತ್ತದೆ. ತೀರಾ ಆಗದಿದ್ದರೆ ಸಾಕಬಲ್ಲ ಇನ್ನೊಬ್ಬರಿಗೆ ಕೊಡಬಹುದು, ಇಲ್ಲವೇ ಪಶುವೈದ್ಯರನ್ನೋ ಪ್ರಾಣಿ ರಕ್ಷಣಾ ಕೇಂದ್ರವನ್ನೋ ವಿಚಾರಿಸಬಹುದು. ಕೆರೆಗೆ ಬಿಡುವುದೊಂದು ಸಲ್ಲದು.

ಮರಿಯನ್ನು ಕೊಳ್ಳುವ ಮೊದಲು ಅಂಗಡಿಯವನನ್ನು ಬೆಲೆಯ ಜೊತೆಗೆ ಇನ್ನೆರಡು ಪ್ರಶ್ನೆ ಕೇಳುವುದು ಒಳ್ಳೆಯದು: ಇದು ಎಷ್ಟು ಬೆಳೆಯುತ್ತದೆ, ಎಷ್ಟು ವರ್ಷ ಬದುಕುತ್ತದೆ? ಸರಿಯಾದ ಉತ್ತರ, ಹೆಚ್ಚುಕಡಿಮೆ ಒಂದಡಿ ಉದ್ದ ಮತ್ತು ಇಪ್ಪತ್ತು ಮೂವತ್ತು ವರ್ಷ. ಐದನೆಯ ತರಗತಿಯ ಹುಡುಗ ಇಂದು ಹಟ ಮಾಡಿ ತರಿಸಿಕೊಂಡ ಆಮೆ, ಅವನ ಮಕ್ಕಳು ಐದನೆಯ ತರಗತಿಗೆ ಬಂದಾಗಲೂ ಅದೇ ಮನೆಯಲ್ಲಿ ಇದ್ದೀತು. ಅದಕ್ಕೆ ಒಪ್ಪಿಗೆಯಿದ್ದವರು ಮಾತ್ರ ಕೊಳ್ಳಬೇಕು.