ಮೂಗಿಗೆ ಕಾಣುವ ಬೆಂಗಳೂರು

ಬೆಳಗಿನ ಆರು ಗಂಟೆಗೆ ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೂವಿನ ಮೂಟೆಗಳು ಬಿಚ್ಚಿಕೊಳ್ಳುತ್ತಿರುತ್ತವೆ, ಹೋಟೆಲುಗಳಲ್ಲಿ ದೋಸೆಯ ಕಾವಲಿ ಕಾಯತೊಡಗಿರುತ್ತದೆ. ರಜೆಗೆಂದು ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಬಂದ ಕುಟುಂಬವೊಂದು ತಮ್ಮ ನಾಯಿಯನ್ನೂ ಜೊತೆಗೆ ಕರೆದುಕೊಂಡು ಅಲ್ಲಿ ಅಡ್ಡಾಡಲು ಹೊರಟಿದೆ ಎಂದುಕೊಳ್ಳಿ. ಮನೆಮಂದಿಗೆ ಬಜಾರು ನೋಡುವ ಆಸೆ. ನಾಯಿಯೋ ಲೈಟುಕಂಬವೊಂದರ ಬುಡದಲ್ಲಿ ನಿಂತುಬಿಟ್ಟಿದೆ. ಒಂದು ನಿಮಿಷವಾದರೂ ಕದಲುವುದಿಲ್ಲ. ಆಗ ನಮ್ಮಲ್ಲಿ ಬಹುತೇಕರು ಮಾಡುವ ಕೆಲಸ ಚೈನು ಜಗ್ಗುವುದು.

ದಯವಿಟ್ಟು ಜಗ್ಗಬೇಡಿ. ನಾಯಿ ಬೆಂಗಳೂರಿಗೆ ಬಂದದ್ದಕ್ಕೆ ಅರ್ಥ ಬರುವುದೇ ಆ ಒಂದು ನಿಮಿಷದಲ್ಲಿ.

ವಾಸನೆ ಹಿಡಿಯುವ ಜೀವಕೋಶಗಳು ಮನುಷ್ಯನ ಮೂಗಿನಲ್ಲಿ ಐವತ್ತು ಅರವತ್ತು ಲಕ್ಷ ಇದ್ದರೆ, ನಾಯಿಯಲ್ಲಿ ತಳಿಯನ್ನು ಅವಲಂಬಿಸಿ ಹನ್ನೆರಡು ಕೋಟಿಯಿಂದ ಮೂವತ್ತು ಕೋಟಿಯವರೆಗೆ ಇರುತ್ತವೆಂದು ಅಂದಾಜು. ಸಂಖ್ಯೆಗಿಂತ ಹೆಚ್ಚು ಸೋಜಿಗದ್ದು ಆ ಮೂಗಿನ ರಚನೆ. ನಾವು ಉಸಿರಾಡುವ ಗಾಳಿಯೂ ಮೂಸುವ ಗಾಳಿಯೂ ಒಂದೇ ದಾರಿಯಲ್ಲಿ ಹೋಗುತ್ತವೆ. ನಾಯಿಯ ಮೂಗಿನೊಳಗೆ ಗಾಳಿ ಎರಡಾಗಿ ಕವಲೊಡೆಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ನಾಯಿಯ ಮೂಗಿನ ಒಳರಚನೆಯನ್ನು ಕಂಪ್ಯೂಟರಿನಲ್ಲಿ ಪಡಿಮೂಡಿಸಿ, ಅದರೊಳಗೆ ಗಾಳಿ ಹೇಗೆ ಹರಿಯುತ್ತದೆಂದು ಲೆಕ್ಕಹಾಕಿ 2010ರಲ್ಲಿ ಪ್ರಕಟಿಸಿದರು. ಒಳಗೆಳೆದ ಗಾಳಿಯ ಬಹುಪಾಲು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಶೇಕಡಾ 12ರಷ್ಟು ಮಾತ್ರ ಮೇಲಿನ ಓಣಿಯಲ್ಲಿ ಸಾಗಿ, ಮೂಗಿನ ಹಿಂಭಾಗದ ಒಂದು ಪೊಟರೆಯನ್ನು ಸೇರುತ್ತದೆ. ಸುರುಳಿ ಸುರುಳಿಯಾದ ತೆಳು ಎಲುಬುಗಳು ತುಂಬಿರುವ ಆ ಪೊಟರೆಯ ಗೋಡೆಗೆಲ್ಲ ವಾಸನೆಯ ಕೋಶಗಳು ಹಾಸಿಕೊಂಡಿವೆ. ಉಸಿರು ಹೊರಬಿಡುವಾಗಲೂ ಅಲ್ಲಿನ ಗಾಳಿ ಕೊಚ್ಚಿಹೋಗದೆ ನಿಲ್ಲುತ್ತದೆ. ಬಿಟ್ಟ ಉಸಿರು ಹೊಳ್ಳೆಗಳ ಪಕ್ಕದಲ್ಲಿರುವ ಸೀಳುಗಳಿಂದ ಹಿಂದಕ್ಕೂ ಬದಿಗೂ ಹೋಗುವುದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ಈ ಒಳಹೊರಗಿನ ಆಟ ಸೆಕೆಂಡಿಗೆ ಸುಮಾರು ಐದು ಸಲ ನಡೆಯುತ್ತದೆ. ಲೈಟುಕಂಬದ ಬುಡದಲ್ಲಿ ಕಳೆದ ಒಂದು ನಿಮಿಷವೆಂದರೆ ಮುನ್ನೂರು ಸಲ ಮೂಸಿದ ಲೆಕ್ಕ.

ಅಷ್ಟು ಮೂಸಿ ತಿಳಿಯುವುದಾದರೂ ಏನು? ಅಲ್ಲಿ ಮೂತ್ರ ಮಾಡಿ ಹೋದ ನಾಯಿ ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ, ಹೋಗಿ ಎಷ್ಟು ಹೊತ್ತಾಯಿತು ಎಂಬುದೆಲ್ಲ ಆ ಕಲೆಯಲ್ಲಿರುತ್ತದೆ. ಇಟಲಿಯ ಬಾರಿ ವಿಶ್ವವಿದ್ಯಾಲಯದವರು 2011ರಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಿದರು. ಹೊಸ ವಾಸನೆಯನ್ನು ನಾಯಿ ಮೊದಲು ಬಲಹೊಳ್ಳೆಯಿಂದ ಮೂಸುತ್ತದೆ, ಅದು ಅಪಾಯದ್ದಲ್ಲವೆಂದು ಪರಿಚಯವಾಗುತ್ತ ಹೋದಂತೆ ಎಡಹೊಳ್ಳೆಗೆ ಬದಲಾಯಿಸುತ್ತದೆ. ಪಶುವೈದ್ಯರ ಬೆವರಿನ ವಾಸನೆಗೆ ಮಾತ್ರ ಬಲಹೊಳ್ಳೆಯೇ ಕೊನೆಯವರೆಗೂ ಮುಂದುವರಿಯಿತು! ಹೊಸ ಊರಿನಲ್ಲಿ ನಾಯಿಗೆ ಈ ಬಲದಿಂದ ಎಡಕ್ಕೆ ಬರುವ ಸಮಯ ಬೇಕು. ಚೈನು ಜಗ್ಗಿದಾಗ ನಾವು ಕಸಿದುಕೊಳ್ಳುವುದು ಅದನ್ನೇ.

ಮೂಸುವುದು ಬರೀ ತಿಳಿವಳಿಕೆಗಲ್ಲ, ಮನಸ್ಸಿನ ನೆಮ್ಮದಿಗೂ ಬೇಕು ಎಂಬುದಕ್ಕೆ ಶಾರ್ಲಟ್ ಡ್ಯೂರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆಯಬೇಕು. ಒಂದು ಕಡೆ ಇಟ್ಟ ಬಟ್ಟಲಲ್ಲಿ ಸದಾ ತಿಂಡಿ, ಇನ್ನೊಂದು ಕಡೆ ಇಟ್ಟದ್ದು ಸದಾ ಖಾಲಿ ಎಂದು ನಾಯಿಗಳಿಗೆ ಮೊದಲು ರೂಢಿ ಮಾಡಿಸಿದರು. ಆಮೇಲೆ ಬಟ್ಟಲನ್ನು ನಡುವೆ ಇಟ್ಟರು. ಅದರಲ್ಲಿ ತಿಂಡಿ ಇರಬಹುದು, ಇಲ್ಲದೆಯೂ ಇರಬಹುದು; ಭರವಸೆಯಿರುವ ನಾಯಿ ಅತ್ತ ಬೇಗ ಓಡುತ್ತದೆ. ಎರಡು ವಾರ ದಿನವೂ ಮೂಸಿ ಹುಡುಕುವ ಆಟವಾಡಿದ ನಾಯಿಗಳು ಮೊದಲಿಗಿಂತ ಬೇಗ ಓಡಿದವು. ಅದೇ ಎರಡು ವಾರ ಮಾಲೀಕರ ಕಾಲಬುಡದಲ್ಲಿ ಶಿಸ್ತಾಗಿ ನಡೆಯುವುದನ್ನು ಕಲಿತ ನಾಯಿಗಳಲ್ಲಿ ಆ ಬದಲಾವಣೆ ಇರಲಿಲ್ಲ.

ಹೀಗಾಗಿ ನಾಯಿಯ ಜೊತೆಗಿನ ನಗರ ಪ್ರವಾಸದಲ್ಲಿ ಒಂದು ದಿನಕ್ಕೆ ಒಂದು ಬೀದಿ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ವಿಧಾನಸೌಧ, ಅರಮನೆ, ಮಾಲ್ ಎಂದು ಕಾರಿನಲ್ಲಿ ಸುತ್ತಿಸುವುದು ನಾಯಿಯ ಪಾಲಿಗೆ ಬರೀ ಕುಲುಕಾಟ. ಲಾಲ್‌ಬಾಗಿನಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ, ಮೆಟ್ರೋದಲ್ಲೂ ಇಲ್ಲ. ಕಬ್ಬನ್ ಪಾರ್ಕಿನಲ್ಲೂ ನಿಷೇಧಿಸುವ ಪ್ರಸ್ತಾಪ 2022ರಲ್ಲಿ ಬಂದಿತ್ತು. ನಾಯಿ ಸಾಕಿದವರು ಒಟ್ಟಾಗಿ ವಿರೋಧಿಸಿದ್ದರಿಂದ ಅದು ಜಾರಿಯಾಗಲಿಲ್ಲ. ಚೈನು ಹಿಡಿದು, ಹೇಲನ್ನು ಎತ್ತಿಹಾಕಲು ಚೀಲ ಇಟ್ಟುಕೊಂಡು ಹೋಗುವುದು ಆ ಅವಕಾಶವನ್ನು ಉಳಿಸಿಕೊಳ್ಳುವ ದಾರಿಯೂ ಹೌದು.

ಮೂಗಿಗೆ ದೊಡ್ಡ ಶತ್ರು ಸೆಕೆ. ನಾಯಿಗೆ ಬೆವರಿನ ಗ್ರಂಥಿಗಳಿರುವುದು ಹೆಚ್ಚಾಗಿ ಪಾದದ ಮೆತ್ತೆಗಳಲ್ಲಿ; ಮೈ ತಣಿಸಿಕೊಳ್ಳಲು ಅವು ಸಾಲವು. ಅದಕ್ಕೇ ನಾಲಿಗೆ ಚಾಚಿ ತೇಕುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಜೊತೆಗಾರರು 1970ರಲ್ಲಿ ತೋರಿಸಿದಂತೆ, ತೇಕುವ ನಾಯಿ ಗಾಳಿಯನ್ನು ಹೆಚ್ಚಾಗಿ ಮೂಗಿನಿಂದ ಒಳಗೆಳೆದು ಬಾಯಿಂದ ಹೊರಬಿಡುತ್ತದೆ. ಮೂಗಿನ ಒದ್ದೆ ಗೋಡೆಯ ಮೇಲೆ ಹಾದ ಗಾಳಿ ನೀರನ್ನು ಆವಿಯಾಗಿಸಿ ರಕ್ತವನ್ನು ತಣಿಸುತ್ತದೆ. ಆ ಗಾಳಿ ಮತ್ತೆ ಮೂಗಿನಿಂದಲೇ ಹೊರಬಂದಿದ್ದರೆ ಗಳಿಸಿದ ತಂಪಿನ ಒಂದು ಪಾಲು ಕಳೆದುಹೋಗುತ್ತಿತ್ತು. ನಿಮಿಷಕ್ಕೆ ಮುನ್ನೂರು ಸಲ ತೇಕಿದರೂ ನಾಯಿ ಸುಸ್ತಾಗಿ ಬೀಳದಿರಲು ಕಾರಣವಿದೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಕಿರುಬೆರಳಿನ ಬಲ ಸಾಕಾಗುವ ಹಾಗೆ, ಎದೆಗೂಡೂ ವಪೆಯೂ ತಾವಾಗಿ ತೂಗುವ ಲಯವನ್ನೇ ನಾಯಿ ಹಿಡಿದುಕೊಳ್ಳುತ್ತದೆ.

ಆದರೆ ತೇಕುವ ನಾಯಿ ಸರಿಯಾಗಿ ಮೂಸಲಾರದು. ಸ್ಫೋಟಕ ಹುಡುಕುವ ಪೊಲೀಸ್ ನಾಯಿಗಳಿಗೆ ನಡುನಡುವೆ ನೆರಳು, ನೀರು, ವಿಶ್ರಾಂತಿ ಕೊಡುವುದು ಇದಕ್ಕೇ. ನಡುಹಗಲಿನಲ್ಲಿ ನಗರ ಸುತ್ತಿಸಿದರೆ ನಾಯಿಗೆ ಊರಿನ ಸೆಕೆಯಷ್ಟೇ ಸಿಗುತ್ತದೆ. ನಸುಕಿನಲ್ಲಿ ಹೋಗಿ, ಇಲ್ಲವೇ ಹೊತ್ತಿಳಿದು ರಸ್ತೆ ಆರಿದ ಮೇಲೆ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲಿಟ್ಟು ಐದಾರು ಸೆಕೆಂಡು ತಡೆಯಲಾಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಬಾರದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಮೂಗಿನ ನೀರು ಸಲೀಸಾಗಿ ಆವಿಯಾಗದು, ಎಷ್ಟು ತೇಕಿದರೂ ಮೈ ತಣಿಯದು. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಪ್ರಾಣಕ್ಕೇ ಅಪಾಯ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮುಖದ ತಳಿಗಳಲ್ಲಿ ಮೂಗಿನ ಓಣಿಯೇ ಕುಗ್ಗಿಹೋಗಿದೆ. ಏಪ್ರಿಲ್ ಮೇ ತಿಂಗಳ ರಜೆಗೆ ಪಗ್ಗನ್ನು ಕರೆದೊಯ್ಯುವುದಕ್ಕಿಂತ ಪರಿಚಯದವರ ಮನೆಯಲ್ಲಿ ಬಿಟ್ಟುಹೋಗುವುದೇ ಅದಕ್ಕೆ ತೋರುವ ಪ್ರೀತಿ.

ಮುಖದ ಉದ್ದಕ್ಕೂ ನೋಟಕ್ಕೂ ನಂಟಿದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ತಂಡ 2004ರಲ್ಲಿ ನಾಯಿಗಳ ಅಕ್ಷಿಪಟಗಳನ್ನು ಹೋಲಿಸಿ ನೋಡಿತು. ಉದ್ದ ಮೂತಿಯ ನಾಯಿಗಳಲ್ಲಿ ನರಕೋಶಗಳು ಕಣ್ಣಿನ ಅಡ್ಡಕ್ಕೂ ಒಂದು ಪಟ್ಟಿಯಾಗಿ ಒತ್ತಾಗಿದ್ದವು, ಮೋಟು ಮೂತಿಯವುಗಳಲ್ಲಿ ನಡುವೆ ಒಂದೆಡೆ ಗುಂಪಾಗಿದ್ದವು. ನಮ್ಮ ಮುಧೋಳ ನಾಯಿ ಉದ್ದ ಮೂತಿಯ ಬೇಟೆನಾಯಿ. ಬಯಲಿನಂಚಿನಲ್ಲಿ ಓಡುವ ಮೊಲ ಅದರ ಕಣ್ಣು ತಪ್ಪದು. ಅದೇ ನಾಯಿ ಎಂ.ಜಿ. ರಸ್ತೆಯಲ್ಲಿ ನಿಂತರೆ ಬದಿಯಿಂದ ನುಗ್ಗುವ ಪ್ರತಿ ಸ್ಕೂಟರೂ ಅಟ್ಟಿಸಿಕೊಂಡು ಹೋಗಬೇಕಾದ ಮೊಲವೇ. ಮುಧೋಳವನ್ನು ನಗರಕ್ಕೆ ತರುವವರು ಕೊರಳಪಟ್ಟಿಯನ್ನಷ್ಟೇ ನಂಬಬಾರದು. ಅದರ ತಲೆ ಕಿರಿದು, ಪಟ್ಟಿ ಜಾರಿಬಿಡುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ಇರಲಿ.

ಕಿವಿಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ನಮಗೆ 20,000 ಹರ್ಟ್ಸ್‌ಗೆ ನಿಂತುಹೋಗುವ ಸದ್ದಿನ ಲೋಕ ನಾಯಿಗೆ ಸುಮಾರು 45,000ದವರೆಗೂ ತೆರೆದಿದೆ. ಬ್ರೇಕುಗಳ ಕಿರುಗುಟ್ಟುವಿಕೆಯಲ್ಲಿ ನಮಗೆ ಕೇಳದ್ದೂ ಅದಕ್ಕೆ ಕೇಳುತ್ತದೆ. ದೀಪಾವಳಿಯ ವಾರದಲ್ಲಿ ಯಾವ ನಗರವೂ ನಾಯಿಗೆ ತಕ್ಕದ್ದಲ್ಲ. ಜಂಬೂಸವಾರಿಯ ದಿನ ಮೈಸೂರೂ ಅಷ್ಟೇ: ಕುಶಾಲತೋಪಿನ ಸದ್ದಿಗೆ ಆನೆಗಳಿಗೇ ಮುಂಚಿತವಾಗಿ ತಾಲೀಮು ಕೊಡಬೇಕಾಗುತ್ತದೆ.

ಇನ್ನು ಪ್ರಯಾಣ. ಕೆಎಸ್‌ಆರ್‌ಟಿಸಿ 2022ರಲ್ಲಿ ನಿಯಮ ಬದಲಿಸಿ, ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಾಯಿಗೆ ಅರ್ಧ ಟಿಕೆಟ್ ನಿಗದಿ ಮಾಡಿತು. ರಾಜಹಂಸ, ಎಸಿ ಬಸ್ಸುಗಳಲ್ಲಿ ಬಿಡುವುದಿಲ್ಲ. ರೈಲಿನಲ್ಲಿ ದಾರಿ ಎರಡು. ಫಸ್ಟ್ ಕ್ಲಾಸಿನ ಕೂಪೆ ಅಥವಾ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿದ್ದರೆ ನಾಯಿ ನಿಮ್ಮ ಜೊತೆಗಿರಬಹುದು. ಇಲ್ಲದಿದ್ದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಗಾರ್ಡ್ ವ್ಯಾನಿನ ನಾಯಿಪೆಟ್ಟಿಗೆಯಲ್ಲಿ ಕಳಿಸಬೇಕು. ಎರಡಕ್ಕೂ ಲಸಿಕೆಯ ಕಾರ್ಡು, ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿರಬೇಕು.

ನಾಯಿಪೆಟ್ಟಿಗೆಯನ್ನು ಆದಷ್ಟು ತಪ್ಪಿಸಿ ಎನ್ನುತ್ತೇನೆ. ಬುಡಾಪೆಸ್ಟಿನ ಯೋಜೆಫ್ ತೊಪಾಲ್ ಮತ್ತು ಸಂಗಡಿಗರು 1998ರಲ್ಲಿ, ತಾಯಿ ಮಗುವಿನ ಬಾಂಧವ್ಯ ಅಳೆಯಲು ಮನಶ್ಶಾಸ್ತ್ರಜ್ಞರು ಬಳಸುವ ಪರೀಕ್ಷೆಯನ್ನೇ 51 ನಾಯಿಗಳಿಗೂ ಅವುಗಳ ಮಾಲೀಕರಿಗೂ ಒಡ್ಡಿದರು. ಅಪರಿಚಿತ ಕೋಣೆಯಲ್ಲಿ ಮಾಲೀಕರಿದ್ದಾಗ ನಾಯಿ ಆಡಿತು, ಸುತ್ತ ಹುಡುಕಾಡಿತು. ಅವರು ಹೊರಹೋದಾಗ ಬಾಗಿಲ ಬಳಿ ನಿಂತಿತು. ವಿಯೆನ್ನಾದಲ್ಲಿ 2013ರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಮಾಲೀಕರು ಒಂದು ಮಾತೂ ಆಡದೆ ಸುಮ್ಮನೆ ಕೂತಿದ್ದರೂ ಸಾಕಾಯಿತು, ನಾಯಿ ತಿಂಡಿ ಅಡಗಿಸಿದ ಆಟಿಕೆಯ ಜೊತೆ ಹೆಚ್ಚು ಹೊತ್ತು ಹೆಣಗಿತು. ಅವರ ಜಾಗದಲ್ಲಿ ಅಪರಿಚಿತರನ್ನು ಕೂರಿಸಿದರೆ ಆ ಧೈರ್ಯ ಕಾಣಲಿಲ್ಲ. ಹೊಸ ಊರಿನಲ್ಲಿ ನಾಯಿಗೆ ನೀವೇ ಮನೆ. ಸದ್ದು, ಕುಲುಕಾಟ, ಕತ್ತಲೆಗಳ ನಡುವೆ ಇಡೀ ರಾತ್ರಿ ನಿಮ್ಮ ವಾಸನೆಯೂ ಇಲ್ಲದೆ ಕಳೆದ ನಾಯಿ ಮರುದಿನ ಯಾವ ಬೀದಿಯನ್ನೂ ನೆಮ್ಮದಿಯಿಂದ ಮೂಸಲಾರದು.

ಬೀದಿಗಳಿಗೆ ಮೊದಲೇ ಒಡೆಯರಿದ್ದಾರೆ ಎಂಬುದನ್ನೂ ಮರೆಯಬಾರದು. 2023ರ ಗಣತಿಯಂತೆ ಬೆಂಗಳೂರಿನಲ್ಲಿದ್ದ ಬೀದಿನಾಯಿಗಳು ಸುಮಾರು 2.79 ಲಕ್ಷ. ಪ್ರತಿ ಗುಂಪಿಗೂ ತನ್ನದೇ ಎಲ್ಲೆಯಿದೆ. ನಮಗೆ ಕಾಣದ ಆ ಗೆರೆಯನ್ನು ದಾಟಿದ ಕೂಡಲೇ ಬೊಗಳಾಟ ಶುರು. ಆಗ ಓಡಬಾರದು, ಕಲ್ಲೆತ್ತಬಾರದು. ನಾಯಿಯನ್ನು ಪಕ್ಕಕ್ಕೆ ಹಿಡಿದು, ಬಂದ ದಾರಿಯಲ್ಲೇ ನಿಧಾನವಾಗಿ ಹಿಂದಿರುಗಿದರೆ ಅವು ತಮ್ಮ ಎಲ್ಲೆಯಲ್ಲಿ ನಿಂತುಬಿಡುವುದೇ ಹೆಚ್ಚು. ಅದಕ್ಕೇ ಮೊದಲ ದಿನ ನಾಯಿಯಿಲ್ಲದೆ ಒಮ್ಮೆ ಆ ಬೀದಿಯಲ್ಲಿ ನಡೆದು ನೋಡುವುದು ಒಳ್ಳೆಯದು. ರೇಬೀಸ್ ಲಸಿಕೆಯ ಜೊತೆಗೆ ಲೆಪ್ಟೊಸ್ಪೈರೋಸಿಸ್ ಲಸಿಕೆಯೂ ಆಗಿರಲಿ. ಮಳೆ ನಿಂತ ನೀರಿನಲ್ಲಿ ಇಲಿಯ ಮೂತ್ರದ ಮೂಲಕ ಹರಡುವ ಈ ರೋಗ ಮನುಷ್ಯರಿಗೂ ಅಂಟುತ್ತದೆ. ದಿನವೂ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹತ್ತಿದೆಯೇ ಎಂದು ಬೆರಳಾಡಿಸಿ ನೋಡಬೇಕು.

ಉಳಿಯುವ ಕೋಣೆಗೆ ನಾನು ತಪ್ಪದೆ ಸೇರಿಸುವ ಸಾಮಾನು ಒಂದಿದೆ: ಮನೆಯವರು ಹೊದ್ದು, ಒಗೆಯದೆ ಮಡಿಸಿಟ್ಟ ಒಂದು ಹೊದಿಕೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್, ಎಚ್ಚರವಾಗಿದ್ದೂ ಎಂಆರ್‌ಐ ಯಂತ್ರದಲ್ಲಿ ಅಲುಗಾಡದೆ ಮಲಗಲು ಹನ್ನೆರಡು ನಾಯಿಗಳನ್ನು ಪಳಗಿಸಿ, ಅವುಗಳಿಗೆ ಐದು ಬಗೆಯ ವಾಸನೆ ಹಿಡಿದರು: ಅವುಗಳದೇ ವಾಸನೆ, ಪರಿಚಿತ ನಾಯಿ, ಅಪರಿಚಿತ ನಾಯಿ, ಪರಿಚಿತ ಮನುಷ್ಯ, ಅಪರಿಚಿತ ಮನುಷ್ಯ. ಒಳ್ಳೆಯದನ್ನು ನಿರೀಕ್ಷಿಸುವಾಗ ಚುರುಕಾಗುವ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಎಚ್ಚೆತ್ತದ್ದು ಪರಿಚಿತ ಮನುಷ್ಯನ ವಾಸನೆಗೆ. ಆ ಮನುಷ್ಯ ಅಲ್ಲಿರಲೂ ಇಲ್ಲ, ಬಟ್ಟೆಯ ತುಂಡಿನಲ್ಲಿ ಅವರ ಬೆವರಿತ್ತು ಅಷ್ಟೇ. ಕೋಣೆಗೆ ಕಾಲಿಟ್ಟೊಡನೆ ಆ ಹೊದಿಕೆಯನ್ನು ಒಂದು ಮೂಲೆಗೆ ಹಾಸಿ, ಪಕ್ಕದಲ್ಲಿ ನೀರಿಟ್ಟು, ಚೈನು ಸಡಿಲಬಿಟ್ಟು, ಮಂಚದಡಿಯಿಂದ ಬಚ್ಚಲಿನವರೆಗೆ ನಾಯಿ ಎಲ್ಲವನ್ನೂ ಮೂಸಿ ಮುಗಿಸುವ ತನಕ ಜೊತೆಗೇ ಇರಿ. ಮೊದಲ ಸಂಜೆ ಅದನ್ನು ಒಂಟಿಯಾಗಿ ಕೂಡಿಹಾಕಿ ಊಟಕ್ಕೆ ಹೊರಗೆ ಹೋಗುವುದು ಬೇಡ. ಊಟವನ್ನು ಕೋಣೆಗೇ ತರಿಸಿಕೊಳ್ಳಬಹುದು.