ಬೆದರದ ಗಿಳಿ, ಬೆದರುವ ಕೋಳಿ

ಸವಣೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಚಿಗವ್ವನ ಹಿತ್ತಲಿದೆ. ಒಂದು ಬದಿಗೆ ಟೊಮ್ಯಾಟೊ, ಬದನೆ, ಹೀರೆಬಳ್ಳಿ. ಇನ್ನೊಂದು ಬದಿಗೆ ಪೇರಲ ಗಿಡ. ನಡುವೆ ಕೆದರುತ್ತ ಓಡಾಡುವ ಏಳೆಂಟು ಜವಾರಿ ಕೋಳಿ. ಹಿಂದೊಮ್ಮೆ ಹೋದಾಗ ಆಕೆ ಪೇರಲ ಗಿಡದ ಬುಡದಲ್ಲಿ ನಿಂತು ಗಿಳಿಗಳಿಗೆ ಬೈಯುತ್ತಿದ್ದಳು. "ಪಾವಕಿಲೊ ಖಾರದಪುಡಿ ನೀರಾಗ ಕಲಸಿ ಹೊಡದೀನಿ. ಒಂದಾದ್ರೂ ಕೆಮ್ಮವಲ್ದು ನೋಡಪಾ!"

ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಿದು. ಸವಣೂರಂತೂ ವೀಳ್ಯದೆಲೆಗೆ ಎಷ್ಟು ಹೆಸರುವಾಸಿಯೋ ಖಾರಕ್ಕೂ ಅಷ್ಟೇ ಹೆಸರುವಾಸಿ. ಅಂಥ ಊರಿನ ಪಕ್ಕದಲ್ಲೇ ಖಾರ ಹೀಗೆ ಸೋತಿದ್ದು ಚಿಗವ್ವನಿಗೆ ಅವಮಾನವೇ ಆಗಿತ್ತು. ತಪ್ಪು ಅವಳದಲ್ಲ, ಗಿಳಿಯ ಧೈರ್ಯವೂ ಅಲ್ಲ. ಗಿಳಿಗೆ ಖಾರ ಹತ್ತುವುದೇ ಇಲ್ಲ.

ಖಾರವೆಂಬುದು ನಾಲಗೆಯ ರುಚಿಯಲ್ಲ, ನೋವು. ನಮ್ಮ ನರಗಳ ತುದಿಯಲ್ಲಿ ಸುಡುಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಶಾಖ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಬಾಗಿಲಿನಂತೆ ತೆರೆದುಕೊಂಡು 'ಸುಟ್ಟಿತು' ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಈ ಬಾಗಿಲಿಗೆ ಕಳ್ಳ ಬೀಗದಕೈ. ಬೆಂಕಿ ಇಲ್ಲದೆಯೇ ಬಾಗಿಲು ತೆಗೆಸಿ, ಬಾಯಿಗೆ ಬೆಂಕಿ ಬಿದ್ದಂತೆ ಮಾಡುತ್ತದೆ. ಈ ಪ್ರೋಟೀನನ್ನು ಪತ್ತೆಹಚ್ಚಿದ ಅಮೆರಿಕದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅವರೂ ಸಹೋದ್ಯೋಗಿ ಸ್ವೆನ್-ಎರಿಕ್ ಯೋರ್ಟ್ ಅವರೂ 2002ರಲ್ಲಿ ಕೋಳಿಯ ದೇಹದಲ್ಲಿರುವ ಇದೇ ಪ್ರೋಟೀನನ್ನು ಪರೀಕ್ಷಿಸಿದರು. ಬಿಸಿ ತಾಗಿದರೆ ಅದೂ ತೆರೆಯುತ್ತದೆ. ಕ್ಯಾಪ್ಸೈಸಿನ್‌ಗೆ ಮಾತ್ರ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಪ್ರೋಟೀನಿನ ರಚನೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ, ಅಷ್ಟೆ.

ಮೆಣಸಿನ ಗಿಡಕ್ಕೆ ಇದರಿಂದ ಲಾಭವಿದೆ. ಇಲಿ ಜಾತಿಯ ಪ್ರಾಣಿ ಬೀಜವನ್ನು ಅಗಿದು ನುಣ್ಣಗೆ ಮಾಡುತ್ತದೆ, ಅದು ಮೊಳೆಯುವುದಿಲ್ಲ. ಹಕ್ಕಿಗೆ ಹಲ್ಲಿಲ್ಲ, ಬೀಜ ಇಡಿಯಾಗಿ ಹೊರಬಿದ್ದು ಇನ್ನೊಂದು ಕಡೆ ಚಿಗುರುತ್ತದೆ. ಅಮೆರಿಕದ ಅರಿಜೋನಾದ ಕಾಡುಮೆಣಸಿನ ಗಿಡಗಳಲ್ಲಿ ಇದನ್ನು ನೋಡಿ ಟ್ಯೂಕ್ಸ್‌ಬರಿ ಮತ್ತು ನಭಾನ್ 2001ರಲ್ಲಿ ಪ್ರಕಟಿಸಿದರು. ಬೇಡದ ಅತಿಥಿಯನ್ನು ಓಡಿಸಿ, ಬೇಕಾದ ಅತಿಥಿಯನ್ನು ಕರೆಯಲು ಗಿಡ ಮಾಡಿಕೊಂಡ ವ್ಯವಸ್ಥೆಯೇ ಖಾರ. ಚಿಗವ್ವ ಹೊಡೆದ ಖಾರದ ನೀರಿಗೆ ಅಳಿಲು ಹಿಂಜರಿದೀತು, ಇಲಿ ಹಿಂಜರಿದೀತು. ಗಿಳಿ, ಗೊರವಂಕ, ಕಾಗೆಗಳಿಗೆ ಅದು ಬರೀ ಕೆಂಪುನೀರು. ಹಕ್ಕಿಗಳ ಬಾಯಿ ಕೆಡಿಸುವ ವಸ್ತುವೂ ಇದೆಯೆನ್ನಿ. ಮೀಥೈಲ್ ಆಂಥ್ರನಿಲೇಟ್ ಎಂದು ಅದರ ಹೆಸರು. ನಮಗೆ ಅದು ದ್ರಾಕ್ಷಿಯ ಘಮ, ಮಕ್ಕಳ ಮಿಠಾಯಿಗೂ ಹಾಕುತ್ತಾರೆ, ಹಕ್ಕಿಗೆ ಉರಿ. ಹೊರದೇಶಗಳಲ್ಲಿ ಹಣ್ಣಿನ ತೋಟಕ್ಕೆ ಸಿಂಪಡಿಸುತ್ತಾರೆ. ಮಳೆ ಬಿಸಿಲಿಗೆ ಬೇಗ ಹಾರಿಹೋಗುವುದರಿಂದ ಮೇಲಿಂದ ಮೇಲೆ ಹೊಡೆಯಬೇಕು. ನಾಲ್ಕು ಪೇರಲ ಹಣ್ಣಿಗೆ ಅಷ್ಟೆಲ್ಲ ಯಾರು ಮಾಡುತ್ತಾರೆ?

ರುಚಿ ಕೈಕೊಟ್ಟಮೇಲೆ ಉಳಿದದ್ದು ಹೆದರಿಕೆ. ಮುಂದಿನ ಸಲ ನಾನು ಪೇಟೆಯಿಂದ ಒಂದು ಪ್ಲಾಸ್ಟಿಕ್ ಗೂಗೆ ತಂದುಕೊಟ್ಟೆ. ದೊಡ್ಡ ಹಳದಿ ಕಣ್ಣು, ತಿರುಗುವ ತಲೆ. ಬಿದಿರು ಗಳದ ತುದಿಗೆ ಅದನ್ನು ಕಟ್ಟಿದೆವು. ಎರಡು ದಿನ ಗಿಳಿಗಳು ಸುಳಿಯಲಿಲ್ಲ. ಗಿಳಿಗಳಿಗಿಂತ ಕೋಳಿಗಳೇ ಹೆಚ್ಚು ಕೂಗಿ ರಂಪ ಮಾಡಿದವು. ವಾರ ಕಳೆಯುವಷ್ಟರಲ್ಲಿ ಎರಡೂ ಪಂಗಡ ಗೂಗೆಯನ್ನು ಮರೆತಿದ್ದವು.

ಹಕ್ಕಿ ಯಾವುದಕ್ಕೆ ಬೆದರುತ್ತದೆ ಎಂಬ ಪ್ರಶ್ನೆಗೆ ಒಂದು ಹಳೆಯ ಪ್ರಯೋಗದ ಕಥೆಯಿದೆ. 1937ರಲ್ಲಿ ಕೊನ್ರಾಡ್ ಲೊರೆಂಝ್ ಮತ್ತು ನಿಕೊ ಟಿನ್‌ಬರ್ಗೆನ್ ಒಂದು ರಟ್ಟಿನ ಆಕೃತಿ ಕತ್ತರಿಸಿದರು. ಒಂದು ತುದಿ ಗಿಡ್ಡ, ಇನ್ನೊಂದು ಉದ್ದ, ನಡುವೆ ರೆಕ್ಕೆ. ತಂತಿಯ ಮೇಲೆ ಉದ್ದ ತುದಿ ಮುಂದಾಗಿ ಎಳೆದರೆ ಕತ್ತು ಚಾಚಿದ ಬಾತು. ತಿರುಗಿಸಿ ಎಳೆದರೆ ಗಿಡ್ಡ ಕತ್ತು, ಉದ್ದ ಬಾಲದ ಗಿಡುಗ. ಕೆಳಗಿದ್ದ ಟರ್ಕಿಕೋಳಿಗಳು ಗಿಡುಗಕ್ಕೆ ಬೆದರಿದವು, ಬಾತಿಗೆ ಬೆದರಲಿಲ್ಲ. ಗಿಡುಗದ ಆಕಾರ ಹುಟ್ಟಿನಿಂದಲೇ ಹಕ್ಕಿಯ ತಲೆಯಲ್ಲಿ ಅಚ್ಚಾಗಿರುತ್ತದೆ ಎಂದು ಪಠ್ಯಪುಸ್ತಕಗಳು ಬಹಳ ಕಾಲ ಬರೆದವು. 1961ರಲ್ಲಿ ವುಲ್ಫ್‌ಗ್ಯಾಂಗ್ ಶ್ಲೈಟ್ ಇದಕ್ಕೆ ಬೇರೆಯೇ ಉತ್ತರ ಕೊಟ್ಟರು. ಅವರು ಸಾಕಿದ ಟರ್ಕಿಗಳು ಯಾವ ಆಕಾರವನ್ನು ದಿನಾ ನೋಡುತ್ತಿದ್ದವೋ ಅದಕ್ಕೆ ಬೆದರುವುದನ್ನು ಬಿಟ್ಟವು. ಅಪರೂಪಕ್ಕೆ ಕಂಡದ್ದಕ್ಕೆ ಬೆದರಿದವು. ಬಾತು ದಿನವೂ ಹಾರುತ್ತದೆ, ಗಿಡುಗ ಎಂದೋ ಒಮ್ಮೆ ಬರುತ್ತದೆ. ಅಷ್ಟೇ ವ್ಯತ್ಯಾಸ.

ಬೆದರುಬೊಂಬೆಯ ಸೋಲಿಗೂ ಕಾರಣ ಇದೇ. ಅಂಗಿ ತೊಟ್ಟ ಬೊಂಬೆ ಮೊದಲ ದಿನ ಅಪರಿಚಿತ, ಹತ್ತನೆಯ ದಿನ ಬರೀ ಗೂಟ. ಪಟಾಕಿಯದೂ ಗ್ಯಾಸ್ ಬಂದೂಕಿನದೂ ಇದೇ ಪಾಡು. ಹಾಗಾದರೆ ಹಿಂದಿನವರು ಜೋಳದ ಹೊಲದಲ್ಲಿ ಮಂಚಿಕೆ ಹಾಕಿ, ಕವಣೆ ಬೀಸಿ ಹಕ್ಕಿ ಕಾಯುತ್ತಿದ್ದದ್ದು ಹೇಗೆ ನಡೆಯುತ್ತಿತ್ತು? ಅಲ್ಲಿ ಕೂತವನು ಮನುಷ್ಯ. ಒಮ್ಮೆ ಕೂಗುತ್ತಾನೆ, ಒಮ್ಮೆ ಡಬ್ಬಿ ಬಡಿಯುತ್ತಾನೆ, ಒಮ್ಮೆ ನಿದ್ದೆ ಹೊಡೆಯುತ್ತಾನೆ, ಇದ್ದಕ್ಕಿದ್ದಂತೆ ಕಲ್ಲು ಬೀಸುತ್ತಾನೆ. ಅವನು ಮುಂದೇನು ಮಾಡುತ್ತಾನೆಂದು ಗುಬ್ಬಿಗೆ ಲೆಕ್ಕ ಸಿಗುವುದಿಲ್ಲ. ಒಂದು ಬದಿ ಕೆಂಪು, ಒಂದು ಬದಿ ಬೆಳ್ಳಿ ಇರುವ ಮಿರುಗುವ ಪಟ್ಟಿಯನ್ನು ತಿರುಚಿ, ಬೆಳೆಗಿಂತ ತುಸು ಮೇಲೆ ಬಿಗಿದರೆ ಬೊಂಬೆಗಿಂತ ಹೆಚ್ಚು ದಿನ ಕೆಲಸ ಮಾಡುತ್ತದೆ. ಗಾಳಿ ಬಂದಂತೆ ಅದರ ಹೊಳಪೂ ಗುಂಯ್‌ಗುಡುವ ಸದ್ದೂ ಬದಲಾಗುತ್ತವೆ. ಆದರೂ ಕಾಯಿ ಹಣ್ಣಾಗುವ ಹದಿನೈದು ದಿನಕ್ಕೆ ಮಾತ್ರ ಕಟ್ಟಿ ಬಿಚ್ಚಿಟ್ಟವರೇ ಜಾಣರು. ಬಿತ್ತಿದ ದಿನವೇ ಕಟ್ಟಿದರೆ ಹಕ್ಕಿಗೆ ಪಾಠ ಹೇಳಿಕೊಟ್ಟಂತೆ.

ಮೆಕ್ಕೆಜೋಳ ಬೆಳೆಯುವವರಿಗೆ ಹೆದರಿಕೆಯೇ ಬೇಡದ ಒಂದು ಉಪಾಯವಿದೆ. ತೆನೆಯ ಪಕ್ಕದ ಎಲೆಯನ್ನೇ ತೆನೆಗೆ ಸುತ್ತಿ ಸಿಕ್ಕಿಸುವುದು. ಗಿಳಿ ಹುಡುಕುವುದು ಕಣ್ಣಿನಿಂದ. ಕಾಣದ ತೆನೆ ಅದಕ್ಕೆ ಇಲ್ಲದ ತೆನೆ. ಕೃಷಿ ಪಕ್ಷಿಶಾಸ್ತ್ರಕ್ಕೆಂದೇ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನಡೆಸುತ್ತಿದ್ದ ಅಖಿಲ ಭಾರತ ಜಾಲ ಯೋಜನೆಯವರು ಇದನ್ನು ಬಹಳ ಕಾಲ ಹೇಳುತ್ತ ಬಂದಿದ್ದರು. ಹೊಲದ ಅಂಚಿನ ಸಾಲುಗಳಿಗೆ ಮಾಡಿದರೂ ಪೆಟ್ಟು ತಗ್ಗುತ್ತದೆ.

ಈಗ ಕೋಳಿಗಳ ಕಡೆ ಬರೋಣ. ಹಿತ್ತಲಲ್ಲಿ ಕೋಳಿಮರಿಗೆ ಕಂಟಕ ಮೂರು: ಹದ್ದು, ಬಿಜ್ಜು, ಕಾಗೆ. ಹದ್ದು ಸುತ್ತು ಹಾಕಿ ಮೇಲಿಂದ ಎರಗುತ್ತದೆ. ಬಿಜ್ಜು ಚಿಕ್ಕ ಗಿಡುಗ, ಬೇವಿನ ಎಲೆಗಳ ಮರೆಯಿಂದ ತಗ್ಗಾಗಿ ನುಗ್ಗುತ್ತದೆ. ಕಾಗೆ ತಾಯಿಕೋಳಿಯ ಗಮನ ತಪ್ಪುವುದನ್ನು ಕಾಯುತ್ತ ಕೂರುತ್ತದೆ. ಇವನ್ನು ನಾವು ನೋಡುವ ಮೊದಲೇ ಕೋಳಿ ನೋಡಿರುತ್ತದೆ. ತಲೆ ಓರೆಮಾಡಿ ಒಂದೇ ಕಣ್ಣಿನಿಂದ ಆಕಾಶ ನೋಡುವ ಆ ಭಂಗಿಯನ್ನು ಕೋಳಿ ಸಾಕಿದವರೆಲ್ಲ ಬಲ್ಲರು.

ಕೋಳಿಯ ಕೂಗಿನಲ್ಲಿ ಅಪಾಯಕ್ಕೆ ಎರಡು ಬೇರೆ ಬೇರೆ ಪದಗಳಿವೆ ಎಂದು ತೋರಿಸಿಕೊಟ್ಟವರು ಪೀಟರ್ ಮಾರ್ಲರ್, ಕ್ರಿಸ್ಟೊಫರ್ ಇವಾನ್ಸ್ ಮತ್ತು ಸಂಗಡಿಗರು. ನಾಯಿ, ಬೆಕ್ಕು, ಮುಂಗುಸಿ ನೆಲದ ಮೇಲೆ ಬಂದರೆ 'ಕೊಕ್ ಕೊಕ್ ಕೊಕ್' ಎಂಬ ತುಂಡು ತುಂಡು ಗದ್ದಲ. ಮೇಲೆ ಹದ್ದು ಕಂಡರೆ ಸಣ್ಣ ದನಿಯ ಎಳೆದ ಕೂಗು. ಎಲ್ಲಿಂದ ಬಂತೆಂದು ಹಿಡಿಯುವುದು ಕಷ್ಟ. ಕೂಗಿದ ಕೋಳಿ ಹದ್ದಿಗೆ ಗುರಿಯಾಗದಿರಲು ಇದೇ ಉಪಾಯ. ಬರೀ ಧ್ವನಿಮುದ್ರಣ ಹಾಕಿದರೂ ಮೊದಲನೆಯದಕ್ಕೆ ಕೋಳಿಗಳು ಕತ್ತೆತ್ತಿ ನಿಂತವು, ಎರಡನೆಯದಕ್ಕೆ ಮರೆಗೆ ಓಡಿ ಮುದುಡಿದವು. ಇನ್ನೊಂದು ತಮಾಷೆಯಿದೆ. ಹುಂಜ ಒಂದೇ ಇದ್ದಾಗ ಹದ್ದಿನ ಕೂಗು ಕೂಗುವುದು ಕಡಿಮೆ. ಜೊತೆಗೆ ಹೇಂಟೆ ಇದ್ದರೆ ಜಾಸ್ತಿ. ಕೇಳುವವರಿದ್ದರೆ ತಾನೆ ಕೂಗಿಗೆ ಬೆಲೆ!

ಆದ್ದರಿಂದ ಅಂಗಳ ಬೋಳಾಗಿದ್ದರೆ ಹುಂಜ ಎಷ್ಟು ಕೂಗಿದರೂ ಪ್ರಯೋಜನವಿಲ್ಲ, ಓಡಿ ಅಡಗಲು ಜಾಗ ಬೇಕು. ಹತ್ತು ಹೆಜ್ಜೆಗೊಂದು ಪೊದೆ, ತಗ್ಗಾದ ಚಪ್ಪರ, ಕಾಲಿನ ಮೇಲೆ ನಿಲ್ಲಿಸಿದ ಹಳೆ ಬಾಗಿಲು, ಏನಾದರೂ ಸಾಕು. ಮರಿಗಳನ್ನು ಮೊದಲ ಆರೇಳು ವಾರ ಬುಟ್ಟಿಯ ಕೆಳಗೋ ಜಾಳಿಗೆಯ ಒಳಗೋ ಇಡುವ ರೂಢಿ ಸುಮ್ಮನೆ ಬಂದದ್ದಲ್ಲ.

ಕಾಗೆಗೆ ಮಾತ್ರ ಬೇರೆ ಲೆಕ್ಕ. ಸತ್ತ ಕಾಗೆಯನ್ನು ತೂಗುಹಾಕುವ ಪದ್ಧತಿ ನಮ್ಮಲ್ಲಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೇಲಿ ಸ್ವಿಫ್ಟ್ ಮತ್ತು ಜಾನ್ ಮಾರ್ಜ್ಲಫ್ ಅಮೆರಿಕದ ಕಾಗೆಗಳನ್ನು ಪರೀಕ್ಷಿಸಿ, ಸತ್ತ ಕಾಗೆ ಕಂಡ ಜಾಗವನ್ನು ಉಳಿದವು ಕೆಲವು ದಿನ ತಪ್ಪಿಸುತ್ತವೆ, ಸತ್ತದ್ದನ್ನು ಹಿಡಿದಿದ್ದ ಮನುಷ್ಯನ ಮುಖವನ್ನು ವಾರಗಟ್ಟಲೆ ನೆನಪಿಡುತ್ತವೆ ಎಂದು 2015ರಲ್ಲಿ ಬರೆದರು. ಹಳ್ಳಿಯ ಪದ್ಧತಿ ಪೂರ್ತಿ ಮೂಢನಂಬಿಕೆಯೇನಲ್ಲ. ಆದರೆ ಅದಕ್ಕಾಗಿ ಕಾಗೆ ಕೊಲ್ಲಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಗೆಯನ್ನು ಉಪದ್ರವದ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದ ಅನುಸೂಚಿಯೇ 2023ರ ಏಪ್ರಿಲ್‌ನಿಂದ ರದ್ದಾಗಿದೆ. ಕಪ್ಪು ಬಟ್ಟೆಯನ್ನು ಗರಿ ಸಿಕ್ಕಿಸಿ ಕಟ್ಟಿದರೂ ಸ್ವಲ್ಪ ದಿನ ನಡೆಯುತ್ತದೆ.

ಹಿತ್ತಲ ಜಗಳವನ್ನು ಹೊಲಕ್ಕೆ ಒಯ್ದರೆ ಎದುರಾಗುವುದು ನವಿಲು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ 139 ಎಕರೆಯ ನವಿಲುಧಾಮವಿದೆ, 2006ರಲ್ಲಿ ಘೋಷಣೆಯಾದದ್ದು. ಅಲ್ಲಿ ಖಿಲಾರಿ ದನಗಳ ತಳಿಕೇಂದ್ರವೂ ಇದ್ದುದರಿಂದ ಗಿಡಗಂಟಿ, ಹುಲ್ಲು, ನೀರು ಉಳಿದವು, ನವಿಲೂ ಉಳಿಯಿತು. ಕೋಟೆಯ ಗೋಡೆ ನವಿಲಿಗೆ ಗಡಿಯಲ್ಲ. ಮೊಳಕೆಯೊಡೆದ ಶೇಂಗಾ, ಮೆಕ್ಕೆಜೋಳ, ಹಣ್ಣಾದ ಟೊಮ್ಯಾಟೊ, ಎಳೆ ಸವತೆ, ಮೆಣಸಿನಕಾಯಿ ಎಲ್ಲವೂ ಅದಕ್ಕೆ ಆಗುತ್ತದೆ. ರಾಷ್ಟ್ರಪಕ್ಷಿ ಎಂದ ಮಾತ್ರಕ್ಕೆ ರೈತನ ಸಿಟ್ಟು ಇಳಿಯಬೇಕೆಂದೇನಿಲ್ಲ. ಹೊಲದ ಸುತ್ತ ಹಳೆ ಸೀರೆ ಕಟ್ಟುವವರು ಈ ಭಾಗದಲ್ಲಿ ಬೇಕಾದಷ್ಟು ಜನ. ನಾಲ್ಕೈದು ಕಿಲೊ ತೂಗುವ ಹಕ್ಕಿ ಗುಬ್ಬಿಯಂತೆ ಎಲ್ಲೆಂದರಲ್ಲಿ ಇಳಿಯಲಾರದು, ಬಯಲು ಬೇಕು. ಆದ್ದರಿಂದ ತರಕಾರಿ ಮಡಿಯ ಮೇಲೆ ಅಡ್ಡಡ್ಡ, ಉದ್ದುದ್ದ ದಾರ ಬಿಗಿಯುವುದು ಸೀರೆಯ ಜೊತೆಗೆ ಮಾಡಬೇಕಾದ ಕೆಲಸ. ವಿಷ ಬೆರೆಸಿದ ಕಾಳು ಚೆಲ್ಲುವುದು ಮಾತ್ರ ಕೊಲೆ. ನವಿಲು ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದೇ ಕಾಳನ್ನು ನಿಮ್ಮ ಕೋಳಿಯೂ ಹೆಕ್ಕುತ್ತದೆ.

ಸಿಟ್ಟು ಹೀಗಿದ್ದರೂ ನಮ್ಮ ಸೀಮೆಗೆ ಹಕ್ಕಿಯೊಂದಿಗೆ ಇನ್ನೊಂದು ನಂಟಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲೇ ಮೇಯುತ್ತವೆ. 2024ರ ಜನವರಿಯಲ್ಲಿ ಆ ಕೆರೆಗೆ ರಾಮ್ಸಾರ್ ಮನ್ನಣೆ ಸಿಕ್ಕಿದ್ದರಲ್ಲಿ ಆ ರೈತರ ಪಾಲೂ ಇದೆ. ಸೀಗಿ ಹುಣ್ಣಿವೆಗೆ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಚೆಲ್ಲಿದ ಅನ್ನ, ಕಡುಬಿಗೆ ಬರುವ ಹಕ್ಕಿ ಹೊಲದ ಹುಳುವನ್ನೂ ಹೆಕ್ಕುತ್ತದೆ. ಕಡಲೆಯ ಕಾಯಿಕೊರಕ ಹುಳುವಿಗೆ ಕೃಷಿ ವಿಜ್ಞಾನಿಗಳು ಇಂದು ಹೇಳುವುದೂ ಇದನ್ನೇ: ಹೊಲದಲ್ಲಿ ಅಲ್ಲಲ್ಲಿ ಹಕ್ಕಿ ಕೂರುವ ಕವಲುಗಂಬ ನೆಡಿ, ಚುರುಮುರಿ ಚೆಲ್ಲಿ. ಕಂಬದ ಮೇಲೆ ಕೂರುವವರಲ್ಲಿ ಮುಖ್ಯ ಅತಿಥಿ ಕಾಜಾಣ. ಕವಲುಬಾಲದ ಈ ಕರಿಹಕ್ಕಿ ಹುಳು ತಿನ್ನುವುದಲ್ಲದೆ, ತನ್ನ ಗೂಡಿನ ಹತ್ತಿರ ಬಂದ ಹದ್ದು, ಕಾಗೆಗಳ ಬೆನ್ನಿಗೇ ಎರಗಿ ಕುಕ್ಕಿ ಅಟ್ಟುತ್ತದೆ. ಬೆಳವ, ಬುಲ್‌ಬುಲ್‌ನಂಥ ಸಾಧು ಹಕ್ಕಿಗಳು ಅದೇ ಮರದಲ್ಲಿ ಗೂಡು ಕಟ್ಟಿ ಬಿಟ್ಟಿ ಕಾವಲು ಪಡೆಯುತ್ತವೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಕೊಕ್ಕಿನಿಂದಲ್ಲ, ಹಿಕ್ಕೆಯಿಂದ. ಕೋಳಿಗಳನ್ನು ಒಂದೇ ವಾರದಲ್ಲಿ ಬರಿದು ಮಾಡುವ ಕೊಕ್ಕರೆ ರೋಗದ ಇನ್ನೊಂದು ಹೆಸರು ರಾಣಿಖೇತ್. ಹಿಮಾಲಯದ ಆ ಊರಿನಲ್ಲಿ 1920ರ ದಶಕದಲ್ಲಿ ಗುರುತಿಸಿದ್ದು. ಪಾರಿವಾಳಗಳಲ್ಲೂ ಇದರದೇ ಒಂದು ವೈರಸ್ ತಿರುಗುತ್ತಿರುತ್ತದೆ. ಹಕ್ಕಿಜ್ವರವೂ ಕಾಡುಹಕ್ಕಿಯಿಂದ ಕೋಳಿಗೆ ದಾಟಬಲ್ಲದು. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಟರ್ಕಿಕೋಳಿಗಳಿಗೆ ಬಂದಾಗ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಗುಬ್ಬಿ, ಪಾರಿವಾಳ ಹಿತ್ತಲಿಗೆ ಬರುವುದು ಕೋಳಿಯನ್ನು ಹುಡುಕಿಕೊಂಡಲ್ಲ, ಚೆಲ್ಲಿದ ನುಚ್ಚು ಮತ್ತು ತೆರೆದ ನೀರಿಗೆ. ನುಚ್ಚನ್ನು ಕೋಳಿ ಗೂಡಿನೊಳಗೆ, ಹೊತ್ತಿಗೆ ಸರಿಯಾಗಿ, ತಿನ್ನುವಷ್ಟೇ ಹಾಕಿದರೆ ಅರ್ಧ ಗಿರಾಕಿಗಳು ತಾವೇ ಬೇರೆ ಊರು ನೋಡಿಕೊಳ್ಳುತ್ತಾರೆ. ಲಸಿಕೆಯಂತೂ ಬೇಕೇ ಬೇಕು: ಮರಿಗೆ ಮೊದಲ ವಾರವೇ ಕಣ್ಣಿಗೊಂದು ಹನಿ, ಮುಂದಿನವು ಪಶುವೈದ್ಯರು ಹೇಳಿದಂತೆ.

ಬಲೆ ಕೊಳ್ಳುವವರು ಅದರ ಕಣ್ಣು ಅಳೆದು ಕೊಳ್ಳಿ. ಪಾರಿವಾಳಕ್ಕೆ 5 ಸೆಂಟಿಮೀಟರ್ ಸಾಕು, ಗುಬ್ಬಿಗೆ 2 ಸೆಂಟಿಮೀಟರ್ ದಾಟಬಾರದು. ತೆಳು ನೈಲಾನಿನ ಸಡಿಲ ಬಲೆ ಬೇಡ. ಅದರಲ್ಲಿ ಹಕ್ಕಿ ಸಿಕ್ಕಿ ಸಾಯುತ್ತದೆ, ಇಲಿ ಹಿಡಿಯುವ ಕೇರೆಹಾವೂ ಸಾಯುತ್ತದೆ. ದಪ್ಪ ದಾರದ ಬಲೆಯನ್ನು ಗೂಟಕ್ಕೆ ಬಿಗಿಯಾಗಿ, ಗಿಡಕ್ಕೆ ತಾಗದಂತೆ ಎಳೆದು ಕಟ್ಟಬೇಕು. ಚಿಗವ್ವ ಟೊಮ್ಯಾಟೊ ಮಡಿಗೆ ಹಾಗೆ ಕಟ್ಟಿಸಿದಳು; ಪೇರಲಕ್ಕೆ ಹಳೆ ಪತ್ರಿಕೆಯ ಕಾಗದ ಸುತ್ತಿದಳು.

ಮೊನ್ನೆ ಫೋನಿನಲ್ಲಿ ಗೂಗೆಯ ಗತಿಯೇನಾಯಿತೆಂದು ಕೇಳಿದೆ. "ಅಲ್ಲೇ ಐತಿ" ಅಂದಳು. "ಆ ಕವಲಬಾಲದ ಕರಿಹಕ್ಕಿ ಬೆಳಗಾದ್ರ ಅದರ ತಲಿ ಮ್ಯಾಲ ಕುಂದರ್ತೈತಿ. ಹದ್ದು ಈ ಕಡೆ ಹಾಯವಲ್ದು."