ಕೆರೆ ಮೀನಿಗೆ ಹುಣ್ಣು ಬಂದಾಗ

ಮಳೆ ನಿಂತು ಚಳಿ ಹಿಡಿಯುವ ಹೊತ್ತಿಗೆ ಕೆರೆಗೆ ಬಲೆ ಬೀಸಿದವರಿಗೆ ಮೈಮೇಲೆ ಕೆಂಪು ಚುಕ್ಕೆಯೆದ್ದ, ಕೆಲವೊಮ್ಮೆ ಮಾಂಸವೇ ಕೊಳೆತು ಕುಳಿಬಿದ್ದ ಕೊರವ ಮೀನು ಸಿಗುವುದುಂಟು. ಅದು ನೀರಿನ ಮೇಲೆ ಮಂಕಾಗಿ ತೇಲುತ್ತಿರುತ್ತದೆ. ಹತ್ತಿರ ಹೋದರೂ ಓಡುವುದಿಲ್ಲ. ಯಾರೋ ಕೆರೆಗೆ ವಿಷ ಹಾಕಿದರೆಂದು ಊರಲ್ಲಿ ಜಗಳವೇಳುತ್ತದೆ. ರೈತ ಬಾಂಧವರೇ, ದುಡುಕಬೇಡಿ. ವಿಷ ಬಿದ್ದರೆ ಮೀನು ಒಮ್ಮೆಗೇ ಸಾಯುತ್ತದೆ, ಇಂಥ ಆಳವಾದ ಹುಣ್ಣು ಏಳುವುದಿಲ್ಲ.

ಕೆರೆಯ ಯಾವ ಮೀನಿನ ಮೈಯೂ ಬರಿದಲ್ಲ. ಲೋಳೆಯ ಮೇಲೆ, ಕಿವಿರಿನಲ್ಲಿ, ಕರುಳಿನಲ್ಲಿ ಬಗೆಬಗೆಯ ದುಂಡಾಣುಗಳು ಸದಾ ಇರುತ್ತವೆ. ಏರೋಮೋನಾಸ್ ಅವುಗಳಲ್ಲೊಂದು. ಮೀನು ಗಟ್ಟಿಮುಟ್ಟಾಗಿರುವ ತನಕ ಲೋಳೆ ಇವನ್ನು ಹೊರಗೇ ತಡೆಯುತ್ತದೆ. ಬಲೆಗೆ ಉಜ್ಜಿ ಗಾಯವಾದರೆ ಅಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಕೂರುವುದನ್ನು ನೀವೂ ಕಂಡಿರಬಹುದು.

ಹುಣ್ಣುರೋಗದ ಮೂಲ ಬೇರೊಂದು ನೀರುಬೂಷ್ಟು, ಹೆಸರು ಅಫನೋಮೈಸಿಸ್. ನಾನು ಓದಿದ್ದು ಕೃಷಿ. ಇದರ ಕುಲ ತಿಳಿದಾಗ ನೆನಪಾದದ್ದು ಅಡಿಕೆಯ ಕೊಳೆರೋಗ. ಎರಡೂ ದಾಯಾದಿಗಳೇ! ಇದರ ಬೀಜಕಣಗಳು ಈಜಿಬಂದು ಚರ್ಮಕ್ಕೆ ಅಂಟಿ, ಮೊಳೆತು, ಎಳೆಗಳನ್ನು ಮಾಂಸದೊಳಕ್ಕೆ ಇಳಿಸುತ್ತವೆ. ತೆರೆದ ಬಾಗಿಲಿನಿಂದ ಏರೋಮೋನಾಸ್ ನುಗ್ಗುತ್ತದೆ. ನೀರು 18ರಿಂದ 22 ಡಿಗ್ರಿಗೆ ತಣಿದಾಗ ಮೀನಿನ ನಿರೋಧಶಕ್ತಿ ಕುಗ್ಗುವುದರಿಂದ ರೋಗಕ್ಕೆ ಅದೇ ಸುಗ್ಗಿ.

1971ರಲ್ಲಿ ಜಪಾನಿನಲ್ಲಿ ಮೊದಲು ಕಂಡ ಈ ರೋಗ 1988ರಲ್ಲಿ ನಮ್ಮ ಈಶಾನ್ಯ ರಾಜ್ಯಗಳಿಗೆ ಬಂತು. ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಇಳಿಯಿತು. ಹೆದರಿದ ಜನ ಒಳ್ಳೆಯ ಮೀನನ್ನೂ ಕೊಳ್ಳದೆ ಹೋದರು, ಮೀನುಗಾರರ ಮನೆಯ ಒಲೆ ಉರಿಯಲಿಲ್ಲ. ಆ ಭಯ ಅನಗತ್ಯ. ಈ ಬೂಷ್ಟು ಮನುಷ್ಯರಿಗೆ ಅಂಟುವುದಿಲ್ಲ. ಹುಣ್ಣಿನ ಮೀನನ್ನು ಬಿಟ್ಟು ಉಳಿದದ್ದನ್ನು ಚೆನ್ನಾಗಿ ಬೇಯಿಸಿ ತಿನ್ನಿ. ಕೈಯಲ್ಲಿ ಗಾಯವಿದ್ದವರು ಮಾತ್ರ ರೋಗದ ಮೀನನ್ನು ಮುಟ್ಟಬಾರದು. ಏರೋಮೋನಾಸ್ ನಮ್ಮ ಗಾಯಕ್ಕೂ ಇಳಿಯಬಲ್ಲದು.

ದೊಡ್ಡ ಕೆರೆಗೆ ಮದ್ದು ಹಾಕುವುದು ಆಗದ ಮಾತು. ನೀರು ಬೆಚ್ಚಗಾದಂತೆ ಅಲ್ಪಸ್ವಲ್ಪ ಹುಣ್ಣಿನ ಮೀನು ತಾನೇ ಮಾಯುತ್ತದೆ. ಕಾಪಾಡಿಕೊಳ್ಳಬೇಕಾದ್ದು ನಿಮ್ಮ ಹೊಂಡವನ್ನು. ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ ಈ ರೋಗ ತಗಲುತ್ತದೆ. ಸಾಮಾನ್ಯ ಗೆಂಡೆ ತಡೆದುಕೊಳ್ಳುತ್ತದೆ. ಕೆರೆನೀರು ಹೊಂಡಕ್ಕೆ ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಕಾಡುಮೀನು ಒಳಬಾರದಂತೆ ನೋಡಿಕೊಳ್ಳಿ. ಕೆರೆಯಲ್ಲಿ ಬಳಸಿದ ಬಲೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸದೆ ಹೊಂಡಕ್ಕೆ ಇಳಿಸಬೇಡಿ. ಸತ್ತ ಮೀನನ್ನು ತಿರುಗಿ ನೀರಿಗೆ ಎಸೆಯದೆ ಸುಣ್ಣ ಸುರಿದು ಹೂಳಿ.

ಮಳೆನೀರು ಸೇರಿ ಹೊಂಡದ ನೀರು ಹುಳಿಯಾಗಿದ್ದರೆ ಚಳಿಗೆ ಮುಂಚೆ ಸುಣ್ಣ ಹಾಕಬೇಕು. ರಸಸಾರ ಪರೀಕ್ಷಿಸದೆ ಹಾಕಬೇಡಿ. ಪ್ರಮಾಣವನ್ನು ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಕೊಳೆರೋಗದ ದಾಯಾದಿ ಎಂದೆನಲ್ಲ, ಅದಕ್ಕಾಗಿ ಬೋರ್ಡೋ ದ್ರಾವಣ ಸುರಿದುಬಿಟ್ಟೀರಿ! ಮೈಲುತುತ್ತ ಮೀನಿಗೆ ವಿಷ. ತೋಟಕ್ಕೆ ಸಿಂಪಡಿಸಿದ ಪಂಪನ್ನು ಹೊಂಡದಲ್ಲಿ ತೊಳೆಯಲೂಬಾರದು.